ಕೌದಿಯ ಬಟ್ಟೆಗೆ ಮೊದಲ ನೀರು

(ನಾರಾವಿಯಲ್ಲಿ ಹೊಲಿಗೆ ಕೆಲಸದ ಮಹಿಳೆಯರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಕೌದಿ ಹೊಲಿಯುವ ಮುನ್ನ ಬಟ್ಟೆಯನ್ನು ಒಗೆಯಬೇಕೇ ಬೇಡವೇ ಎಂಬುದು ಪರಿಸರದ ಸಭೆಯಲ್ಲಿ ಚರ್ಚಿಸುವಷ್ಟು ದೊಡ್ಡ ವಿಷಯವೇ ಎಂದು ಕೆಲವರಿಗೆ ಅನ್ನಿಸಿರಬಹುದು. ಹೊಲಿಗೆ ಬಲ್ಲವರಿಗೆ ಹಾಗೆ ಅನ್ನಿಸಲಾರದು. ಬಟ್ಟೆ, ಬಿಸಿಲು, ಮಳೆ, ಹೊಳೆಯ ನೀರು ಈ ನಾಲ್ಕೂ ಒಂದೆಡೆ ಕೂಡುವ ಪ್ರಶ್ನೆಯಿದು. ಆದುದರಿಂದಲೇ ಇದಕ್ಕೆ ಎಲ್ಲ ಊರಿಗೂ ಸಲ್ಲುವ ಒಂದೇ ಉತ್ತರವಿಲ್ಲ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ವಿಜಯಪುರದ ಉತ್ತರ ಬೇರೆ, 4000 ಮಿ.ಮೀ. ಮೀರಿ ಮಳೆ ಸುರಿಯುವ ಘಟ್ಟದ ಬುಡದ ನಾರಾವಿಯ ಉತ್ತರ ಬೇರೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕೌದಿಯನ್ನು ಹುಟ್ಟುಹಾಕಿದವರಿಗೆ ಈ ಪ್ರಶ್ನೆ ಎದುರಾಗಿಯೇ ಇರಲಿಲ್ಲ. ಧಾರವಾಡ, ಗದಗ, ಬೆಳಗಾವಿ, ವಿಜಯಪುರದ ಕಡೆಯ ಕೌದಿ ಹಳೆಯ ಸೀರೆ, ಹಳೆಯ ಧೋತರ, ಹರಿದ ಅಂಗಿಗಳ ಪದರಗಳಿಂದ ಆದದ್ದು. ಅಲ್ಲಿ ಮನೆ ಮನೆಗೆ ಬಂದು ಅಂಗಳದಲ್ಲಿ ಕುಳಿತು ಕೌದಿ ಹೊಲಿದುಕೊಡುವ ಹೆಂಗಸರು ಇದ್ದರು; ಗಂಟು ಬಿಚ್ಚಿ ಮನೆಯವರು ಅವರ ಮುಂದೆ ಹಾಕುತ್ತಿದ್ದುದು ಹತ್ತಾರು ವರ್ಷ ಉಟ್ಟು ಒಗೆದ ಬಟ್ಟೆಯನ್ನು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಮಹಿಳೆಯರ ಕೌದಿಯೂ ಉಟ್ಟು ಬಿಟ್ಟ ಬಟ್ಟೆಯದೇ. ಅವರು ಅಂಚಿನಿಂದ ಹೊಲಿಯಲಾರಂಭಿಸಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ತ್ರಿಕೋನವಾಗಿ ಮಡಿಸಿದ ತುಂಡುಗಳನ್ನು ಹೂವಿನಂತೆ ಇಟ್ಟು ಮುಗಿಸುತ್ತಾರೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಅವರ ಒತ್ತಾಸೆಯಿಂದ 2004ರಲ್ಲಿ ಈ ಮಹಿಳೆಯರ ಸಹಕಾರಿ ಗುಂಪೊಂದು ರೂಪುಗೊಂಡು, ಅವರ ಕೌದಿಗಳು ಹೊರದೇಶದ ಪ್ರದರ್ಶನಗಳವರೆಗೂ ಹೋದವು. ಬಂಗಾಳದ ಕಾಂಥಾ, ಮಹಾರಾಷ್ಟ್ರದ ಗೋಧಡಿ ಕೂಡ ಇದೇ ಕುಲದವು. ಇವೆಲ್ಲದರಲ್ಲೂ ಬಟ್ಟೆ ಕುಗ್ಗುವಷ್ಟು ಕುಗ್ಗಿ, ಬಣ್ಣ ಬಿಡುವಷ್ಟು ಬಿಟ್ಟು, ಗಂಜಿಯೆಲ್ಲ ಕರಗಿ ಹೋದ ಮೇಲೆಯೇ ಸೂಜಿ ಅದನ್ನು ಮುಟ್ಟುತ್ತಿತ್ತು. ಒಗೆತವೆಂಬುದು ಕೌದಿಯ ತಯಾರಿಯೊಳಗೇ ಸೇರಿಹೋಗಿತ್ತು. ಅದಕ್ಕೆ ಹತ್ತು ವರ್ಷ ಹಿಡಿಯುತ್ತಿತ್ತು, ಅಷ್ಟೆ.

ಪ್ರಶ್ನೆ ಹುಟ್ಟಿದ್ದು ಹೊಸ ಬಟ್ಟೆ ಕೌದಿಯೊಳಗೆ ಬಂದಾಗ. ಅಂಗಡಿಯಿಂದ ಬಣ್ಣ ಬಣ್ಣದ ಹೊಸ ಹತ್ತಿ ಬಟ್ಟೆಯನ್ನು ಕೊಂಡು ತಂದು ಕತ್ತರಿಸಿ ಜೋಡಿಸುವ ಅಮೆರಿಕದವರಲ್ಲಿ ಇದು ಮುಗಿಯದ ವಾದವಾಗಿದೆ. ಕರಾವಳಿಯಲ್ಲಿ ಹೊಸ ಬಟ್ಟೆ ಬಂದ ದಾರಿ ಬೇರೆ. ಇಲ್ಲಿನ ಯಾವ ಮನೆಯ ಕಪಾಟನ್ನು ತೆರೆದರೂ ಮದುವೆ, ಸೀಮಂತ, ಗೃಹಪ್ರವೇಶಗಳಲ್ಲಿ ಅರಶಿನ ಕುಂಕುಮದೊಂದಿಗೆ ಬಂದ ರವಿಕೆ ಕಣಗಳ ಅಟ್ಟಿಯೊಂದು ಇರುತ್ತದೆ. ಹೊಲಿಸಲು ಮನಸ್ಸಿಲ್ಲ, ಬಿಸಾಡಲು ಮನಸ್ಸಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಸುತ್ತುತ್ತಿರುವ ಕಣಗಳೂ ಇವೆ. ಇದಲ್ಲದೆ, ಉಜಿರೆಯಲ್ಲಿ 1982ರಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾದ ಕಾಲದಿಂದ ಈ ಭಾಗದಲ್ಲಿ ಹೊಲಿಗೆಯನ್ನು ಸ್ವಂತ ಉದ್ಯೋಗವಾಗಿ ಕಲಿತವರ ಸಂಖ್ಯೆ ಬೆಳೆಯುತ್ತ ಬಂದಿದೆ. ಹೊಲಿಗೆ ಯಂತ್ರ ಇರುವಲ್ಲೆಲ್ಲ ಚೂರು ಬಟ್ಟೆಯ ಚೀಲವೂ ಇದೆ. ಆ ಕಣಗಳನ್ನೂ ಚೂರುಗಳನ್ನೂ ಕೌದಿ ಮಾಡುವುದು ಅತ್ಯಂತ ವಿವೇಕದ ಕೆಲಸ. ಸುಟ್ಟರೆ ಹೊಗೆ, ತೋಡಿಗೆ ಎಸೆದರೆ ಕಸ. ಆದರೆ ಇವು ನೀರನ್ನೇ ಕಾಣದ ಬಟ್ಟೆಗಳು. ಇವನ್ನು ಅಜ್ಜಿಯ ಹಳೆಯ ಸೀರೆಯ ಜೊತೆಗಿಟ್ಟು ಹೊಲಿದಾಗಲೇ ತೊಂದರೆ ತಲೆಯೆತ್ತುವುದು.

ಆ ತೊಂದರೆ ಏನೆಂಬುದನ್ನು ಸೀರೆಗೆ ಫಾಲ್ ಹಚ್ಚುವ ಯಾರನ್ನು ಕೇಳಿದರೂ ಹೇಳಿಯಾರು. ಹತ್ತಿಯ ಫಾಲನ್ನು ನೀರಿನಲ್ಲಿ ನೆನೆಸಿ ಒಣಗಿಸದೆ ಹೊಲಿದರೆ ಮೊದಲ ಒಗೆತಕ್ಕೇ ಸೀರೆಯ ಅಂಚು ಸುರುಳಿ ಸುರುಳಿಯಾಗಿ ಮೇಲೇಳುತ್ತದೆ. ರವಿಕೆಯ ಲೈನಿಂಗ್ ಬಟ್ಟೆಯನ್ನು ನೀರಿಗೆ ಹಾಕಿ ತನ್ನಿ ಎಂದು ದರ್ಜಿಗಳು ಹೇಳುವುದೂ ಇದಕ್ಕಾಗಿಯೇ. ಅಂದರೆ ಉತ್ತರದ ಅರ್ಧಭಾಗ ಈ ಸಭೆಯಲ್ಲಿರುವವರ ಕೈಯಲ್ಲಿ ಈಗಾಗಲೇ ಇದೆ. ಕಾರಣವನ್ನು ಮಾತ್ರ ಸ್ವಲ್ಪ ಬಿಡಿಸಿ ನೋಡಬಹುದು.

ಮಗ್ಗದ ಮೇಲೆ ಹಾಸಿನ ನೂಲು ಬಿಗಿಯಾಗಿ ಎಳೆಯಲ್ಪಟ್ಟಿರುತ್ತದೆ. ಬಟ್ಟೆ ಮಗ್ಗದಿಂದ ಇಳಿದ ಮೇಲೂ ಆ ಎಳೆತ ನೂಲಿನಲ್ಲಿ ಉಳಿದುಕೊಂಡಿರುತ್ತದೆ. ಹತ್ತಿಯ ನಾರು ಬಹುಪಾಲು ಸೆಲ್ಯುಲೋಸ್. ನೀರು ಕುಡಿದಾಗ ಅದು ಅಡ್ಡಕ್ಕೆ ಉಬ್ಬುತ್ತದೆ. ಉಬ್ಬಿದ ಹೊಕ್ಕಿನ ನೂಲುಗಳನ್ನು ಬಳಸಿಕೊಂಡು ಹೋಗಲು ಹಾಸಿನ ನೂಲಿಗೆ ಹೆಚ್ಚು ಉದ್ದ ಬೇಕಾಗುತ್ತದೆ. ಆ ಉದ್ದ ಬಟ್ಟೆಯ ಉದ್ದದಿಂದಲೇ ಬರಬೇಕು. ಹಾಗಾಗಿ ಬಟ್ಟೆ ಕುಗ್ಗುತ್ತದೆ. ಹಾಸಿನ ದಿಕ್ಕಿನಲ್ಲಿ ಹೆಚ್ಚು, ಹೊಕ್ಕಿನ ದಿಕ್ಕಿನಲ್ಲಿ ಕಡಿಮೆ. ಸಾಮಾನ್ಯ ಹತ್ತಿ ಬಟ್ಟೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದು ಅಪರೂಪವಲ್ಲ. ಸಡಿಲ ನೇಯ್ಗೆಯದು ಇನ್ನೂ ಹೆಚ್ಚು. ಕಾರ್ಖಾನೆಯಲ್ಲಿಯೇ ಮುಂಚಿತವಾಗಿ ಕುಗ್ಗಿಸುವ ವಿಧಾನವೊಂದನ್ನು ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ 1930ರ ಸುಮಾರಿಗೆ ಬಳಕೆಗೆ ತಂದರು. ಅಂಗಿ ಬಟ್ಟೆಯ ಅಂಚಿನಲ್ಲಿ ಕಾಣುತ್ತಿದ್ದ ‘ಸ್ಯಾನ್‌ಫೋರೈಜ್ಡ್’ ಮುದ್ರೆ ಅವರ ಹೆಸರಿನಿಂದಲೇ ಬಂದುದು. ಅಂಥ ಬಟ್ಟೆ ನೂರಕ್ಕೆ ಒಂದರಷ್ಟೂ ಕುಗ್ಗಲಾರದು. ಪಾಲಿಯೆಸ್ಟರ್ ನೀರಿಗೆ ಕುಗ್ಗುವುದೇ ಇಲ್ಲ ಎನ್ನಬಹುದು.

ಈಗ ಲೆಕ್ಕ ಹಾಕಿ ನೋಡಬಹುದು. 7 ಅಡಿ ಉದ್ದದ ಕೌದಿಯ ಅಡಿಬಟ್ಟೆ ಹೊಸ ಕೋರಾ ಬಟ್ಟೆಯಾಗಿದ್ದು ನೂರಕ್ಕೆ ಐದರಂತೆ ಕುಗ್ಗಿದರೆ 4 ಅಂಗುಲಕ್ಕೂ ಹೆಚ್ಚು ಉದ್ದ ಹೋಯಿತು. ಇಡೀ ಕೌದಿ ಒಂದೇ ಸಮನಾಗಿ ಕುಗ್ಗಿದರೆ ಚಿಂತೆಯಿಲ್ಲ. ಕಾಲು ಸ್ವಲ್ಪ ಹೊರಗುಳಿದೀತು. ಆದರೆ ಮೇಲಿನ ಪದರ ಹಳೆಯ ಸೀರೆ, ಅದು ಕುಗ್ಗುವುದಿಲ್ಲ. 6 ಅಂಗುಲದ ಹತ್ತಿಯ ತುಂಡು 7 ಮಿ.ಮೀ.ನಷ್ಟು ಕುಗ್ಗುತ್ತದೆ, ಅದರ ಪಕ್ಕದ ಪಾಲಿಯೆಸ್ಟರ್ ಕಣ ಇದ್ದಂತೆಯೇ ಇರುತ್ತದೆ. ಎಳೆತವೆಲ್ಲ ಬೀಳುವುದು ಹೊಲಿಗೆಯ ಮೇಲೆ. ಕೆಲವೆಡೆ ಬಟ್ಟೆ ಗುಳ್ಳೆಯಂತೆ ಏಳುತ್ತದೆ, ಕೆಲವೆಡೆ ದಾರ ಕಡಿಯುತ್ತದೆ. ದಿನಗಟ್ಟಲೆ ಕುಳಿತು ಕೈಯಲ್ಲಿ ಹಾಕಿದ ಹೊಲಿಗೆಯ ಸಾಲುಗಳವು. ಮಾರಾಟಕ್ಕೆ ಮಾಡಿದ ಕೌದಿಯಾದರೆ ಕೊಂಡವರು ಎರಡನೆಯ ಬಾರಿ ಬರಲಾರರು.

ಒಗೆಯಬಾರದು ಎನ್ನುವವರ ವಾದವನ್ನೂ ಕೇಳಬೇಕು. ಅದರಲ್ಲಿ ಹುರುಳಿಲ್ಲದೆ ಇಲ್ಲ. ಗಂಜಿಯಿರುವ ಹೊಸ ಬಟ್ಟೆ ಗರಿಗರಿಯಾಗಿರುತ್ತದೆ. ಕತ್ತರಿ ನೇರವಾಗಿ ಓಡುತ್ತದೆ, ಮೂಲೆಗಳು ಸರಿಯಾಗಿ ಕೂಡುತ್ತವೆ. ಒಗೆದ ಬಟ್ಟೆ ಮೆತ್ತಗಾಗಿ ಜಾರುತ್ತದೆ, ಅಂಚಿನ ನೂಲು ಬಿಚ್ಚಿಕೊಳ್ಳುತ್ತದೆ. ಹೊಲಿದ ಮೇಲೆ ಒಗೆದಾಗ ಬೀಳುವ ಸಣ್ಣ ನೆರಿಗೆಗಳೇ ಕೌದಿಗೆ ಹಳೆಯ ಕಳೆ ಕೊಡುತ್ತವೆ ಎಂದು ಮೆಚ್ಚುವವರೂ ಇದ್ದಾರೆ. ಎಲ್ಲ ತುಂಡುಗಳೂ ಒಂದೇ ಬಗೆಯ ಹೊಸ ಹತ್ತಿಯದಾಗಿದ್ದು, ಬಣ್ಣ ಗಟ್ಟಿಯಾಗಿದ್ದು, ಒಣ ಹವೆಯ ಊರಾಗಿದ್ದರೆ ಅವರು ಹೇಳುವುದು ಸರಿ. ಈ ಮೂರರಲ್ಲಿ ಮೂರನೆಯದು ನಾರಾವಿಗೆ ಎಂದೂ ಒದಗದು.

ಇಲ್ಲಿನ ಮುಖ್ಯ ಕಾರಣ ಕುಗ್ಗುವಿಕೆಯಲ್ಲ, ಗಂಜಿ. ನೇಯುವಾಗ ತಿಕ್ಕಾಟಕ್ಕೆ ನೂಲು ಕಡಿಯದಿರಲೆಂದು ಹಾಸಿಗೆ ಗಂಜಿ ಹಾಕುತ್ತಾರೆ. ಅಗ್ಗದ ಬಟ್ಟೆಗೆ ತೂಕ, ಮೈ, ಹೊಳಪು ಬರಲೆಂದು ಕೊನೆಗೆ ಮತ್ತೊಮ್ಮೆ ಗಂಜಿ ಕೊಡುವುದುಂಟು. ಬಳುವಳಿಯ ರವಿಕೆ ಕಣಗಳು ಕಾಗದದಂತೆ ನಿಲ್ಲುವುದು ಈ ಕಾರಣಕ್ಕೆ. ಗಂಜಿಯೆಂದರೆ ಪಿಷ್ಟ, ಪಿಷ್ಟವೆಂದರೆ ಬೂಷ್ಟಿಗೆ ಊಟ. ಆಷಾಢದಲ್ಲಿ, ಆಟಿ ತಿಂಗಳ ಜಡಿಮಳೆಯಲ್ಲಿ, ಗೋಡೆಯೇ ಬೆವರುವಾಗ, ನಾಲ್ಕೈದು ಪದರದ ಕೌದಿಯ ಒಳಗೆ ಉಳಿದ ಗಂಜಿ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಹೊರಗೆ ಕಾಣುವ ಬೂಷ್ಟನ್ನು ಒರೆಸಬಹುದು. ಒಳಪದರದ ಕಪ್ಪು ಚುಕ್ಕೆ ಕಣ್ಣಿಗೆ ಬೀಳುವಷ್ಟರಲ್ಲಿ ನಾರು ಬಲ ಕಳೆದುಕೊಂಡಿರುತ್ತದೆ. ಪುಸ್ತಕ ತಿನ್ನುವ ಬೆಳ್ಳಿ ಬಣ್ಣದ ಹುಳಕ್ಕೂ ಜಿರಲೆಗೂ ಗಂಜಿ ಇಷ್ಟ. ಮಳೆಗಾಲದಲ್ಲಿ ಸೀರೆಯನ್ನೋ ಪಂಚೆಯನ್ನೋ ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿಕೊಳ್ಳಬಹುದು. ಕೌದಿಯನ್ನು ಹಾಗೆ ಒಣಗಿಸಲಾಗದು. ಹೊರಗೆ ಒಣಗಿದಂತೆ ಕಂಡರೂ ನಡುವೆ ಹಸಿಯೇ ಇರುತ್ತದೆ. ಅದನ್ನು ಎಳೆಮಗುವಿಗೆ ಹೊದಿಸಿದರೆ ಮಗು ರಾತ್ರಿಯಿಡೀ ಬೂಷ್ಟಿನ ಗಾಳಿಯನ್ನು ಉಸಿರಾಡಬೇಕಾಗುತ್ತದೆ.

ಬಟ್ಟೆಯಲ್ಲಿ ಗಂಜಿಯಿದೆಯೋ ಇಲ್ಲವೋ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್‌ನ ಒಂದು ತೊಟ್ಟನ್ನು ನೀರಿನಲ್ಲಿ ತೆಳುಮಾಡಿ ಬಿಳಿ ಅಥವಾ ತಿಳಿ ಬಣ್ಣದ ಬಟ್ಟೆಯ ಚೂರಿನ ಮೇಲೆ ಬಿಟ್ಟರಾಯಿತು. ಕಂದು ಬಣ್ಣವೇ ಉಳಿದರೆ ಗಂಜಿಯಿಲ್ಲ. ಕಡುನೀಲಿಗೆ ತಿರುಗಿದರೆ ಇದೆ. ಶಾಲೆಯಲ್ಲಿ ಅಕ್ಕಿಯ ಮೇಲೆ ಮಾಡಿ ತೋರಿಸುವ ಪ್ರಯೋಗವೇ ಇದು. ಗಂಜಿ ಬಿಡಿಸಲು ಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿಟ್ಟು ಬೆಳಿಗ್ಗೆ ಎರಡು ಬಾರಿ ಹಿಂಡಿದರೆ ಬಹುಪಾಲು ಹೋಗುತ್ತದೆ. ಒಂದು ದಿನಕ್ಕಿಂತ ಹೆಚ್ಚು ನೆನೆಸಿಡಬಾರದು. ಹುಳಿಬಂದು ವಾಸನೆ ಹಿಡಿಯುತ್ತದೆ. ಹೊಸ ಕೋರಾ ಬಟ್ಟೆ ಮೊದಲ ಸಲ ನೀರಿನ ಮೇಲೆ ತೇಲುವುದನ್ನು ಕಂಡವರಿರಬಹುದು. ಹತ್ತಿಯ ಮೈಮೇಲಿನ ಸಹಜವಾದ ಮೇಣ ನೀರನ್ನು ಒಳಗೆ ಬಿಡುವುದಿಲ್ಲ. ಅದಕ್ಕೆ ಬಿಸಿನೀರು, ಸ್ವಲ್ಪ ಸೋಪು ಬೇಕು. ಒಂದು ಒಗೆತ ಸಾಲದು, ಕೈಮಗ್ಗದ ಬಟ್ಟೆಗೂ ಎರಡು ಒಗೆತ ಕೊಡುವುದು ಒಳ್ಳೆಯದು. ಮುಂದೆ ಕೌದಿಯನ್ನು ಎಷ್ಟು ಬಿಸಿಯ ನೀರಿನಲ್ಲಿ ಒಗೆಯುವಿರೋ ಅಷ್ಟಾದರೂ ಬಿಸಿ ಈಗಲೇ ತಾಗಬೇಕು.

ಸುಕ್ಕುಗಟ್ಟದ ಬಟ್ಟೆಯೆಂದು ಮಾರುವ ಹತ್ತಿ ಬಟ್ಟೆಗಳಿಗೆ ರಾಳದ ಲೇಪನವಿರುತ್ತದೆ. ಅದರಿಂದ ಫಾರ್ಮಾಲ್ಡಿಹೈಡ್ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತದೆ. ಮೊದಲ ಒಗೆತ ಅದನ್ನು ಗಣನೀಯವಾಗಿ ಕಡಿಮೆ ಮಾಡುತ್ತದೆ. ಮಗುವಿನ ಕೌದಿಗೆ ಹೊಸ ಬಟ್ಟೆ ಬಳಸುವವರು ಗಂಜಿಯ ಮಾತನ್ನು ಮರೆತರೂ ಇದನ್ನು ಮರೆಯಬಾರದು.

ಇನ್ನು ಬಣ್ಣ. ಅಗ್ಗದ ಹತ್ತಿ ಬಟ್ಟೆಗೆ ಹಾಕುವ ಕೆಲವು ಬಣ್ಣಗಳು ನಾರನ್ನು ಮೇಲೆ ಮೇಲೆ ಹಿಡಿದುಕೊಂಡಿರುತ್ತವೆ. ಇನ್ನು ಕೆಲವು ನಾರಿನೊಡನೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತವೆ. ಆದರೆ ಬೆಸೆಯದೆ ಉಳಿದ ಅಂಶವನ್ನು ಕಾರ್ಖಾನೆಯಲ್ಲಿ ಸರಿಯಾಗಿ ತೊಳೆಯದಿದ್ದರೆ ಅದೂ ಮನೆಯ ಬಕೆಟಿನಲ್ಲಿ ಇಳಿಯುತ್ತದೆ. ಕೆಂಪು, ಕಡುನೀಲಿ, ಕಪ್ಪು ಬಣ್ಣಗಳ ಮೇಲೆ ಸಂಶಯವಿರಲಿ. ಹೊಸ ಸೀರೆಯನ್ನು ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂಬ ನಂಬಿಕೆ ಮನೆ ಮನೆಯಲ್ಲಿದೆ. ಬಣ್ಣದ ಕಡಾಯಿಯಲ್ಲಿ ಉಪ್ಪಿಗೆ ಕೆಲಸವಿದೆ ನಿಜ. ಬಣ್ಣವನ್ನು ನೀರಿನಿಂದ ನಾರಿನ ಕಡೆಗೆ ತಳ್ಳುತ್ತದೆ. ಮನೆಯ ಬಕೆಟಿನಲ್ಲಿಯೂ ಉಪ್ಪಿರುವಷ್ಟು ಹೊತ್ತು ಬಣ್ಣ ಕಡಿಮೆ ಬಿಟ್ಟಂತೆ ತೋರುತ್ತದೆ. ಮುಂದಿನ ಒಗೆತದ ಬರಿಯ ನೀರಿನಲ್ಲಿ ಮತ್ತೆ ಬಿಡುತ್ತದೆ. ಹುಳಿ ಅಥವಾ ವಿನೆಗರ್ ಹತ್ತಿಯ ಬಣ್ಣವನ್ನು ಹಿಡಿದು ನಿಲ್ಲಿಸುವುದಿಲ್ಲ. ಹಾಗಾಗಿ ಬಣ್ಣವನ್ನು ಕಟ್ಟಿಹಾಕಲು ಹೆಣಗುವ ಬದಲು, ಹೋಗುವುದನ್ನು ಮೊದಲೇ ಹೋಗಗೊಡುವುದು ಲೇಸು. ಒಂದು ಚೂರನ್ನು ಬಿಸಿನೀರಿನ ಲೋಟದಲ್ಲಿ ಅರ್ಧ ಗಂಟೆ ಇಟ್ಟು, ಬಳಿಕ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಬೇಕು. ಮೂರು ಒಗೆತದ ನಂತರವೂ ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ಕಣ ಕೌದಿಗೆ ಬೇಡ. ಅದು ಪಾತ್ರೆ ಒರೆಸಲು ಆದೀತು.

ಆದರೆ ಬಿಟ್ಟ ಬಣ್ಣ, ಬಿಟ್ಟ ಗಂಜಿ ಹೋಗುವುದು ಎಲ್ಲಿಗೆ? ಈ ಸಭೆಗೆ ಸಂಬಂಧಿಸಿದ ಮಾತು ಇಲ್ಲಿಂದ ಶುರು. ಒಗೆಯುವ ಕಲ್ಲು ಹೊಳೆಯ ದಂಡೆಯಲ್ಲಿ ಇರುವ ಮನೆಗಳು ಈಗಲೂ ಇವೆ. ಬಟ್ಟೆ ಒಣಗಿಸಲು ಬಿಸಿಲು ಚೆನ್ನಾಗಿ ಸಿಗುವುದು ಮಾರ್ಚ್, ಏಪ್ರಿಲಿನಲ್ಲಿ. ಅದೇ ತಿಂಗಳುಗಳಲ್ಲಿ ಘಟ್ಟದ ತೊರೆಗಳು ಹರಿಯುವುದನ್ನು ನಿಲ್ಲಿಸಿ ಗುಂಡಿ ಗುಂಡಿಗಳಾಗಿ ಉಳಿದಿರುತ್ತವೆ. ಇಡೀ ತೊರೆಯ ಮೀನು, ಏಡಿ, ಸಿಗಡಿಗಳು ಮುಂದಿನ ಮಳೆಯವರೆಗೆ ಜೀವ ಹಿಡಿದಿರುವುದು ಆ ಗುಂಡಿಗಳಲ್ಲಿ. ಮಳೆಗಾಲದಲ್ಲಿ ಯಾರಿಗೂ ತಿಳಿಯದಂತೆ ಕೊಚ್ಚಿಹೋಗುವ ಒಂದು ಬಕೆಟು ಗಂಜಿನೀರು ಏಪ್ರಿಲಿನ ಗುಂಡಿಯಲ್ಲಿ ಕೊಳೆತು ನೀರಿನ ಆಮ್ಲಜನಕವನ್ನು ತಿಂದುಹಾಕುತ್ತದೆ. ಸೋಪಿನ ಬದಲು ಅಂಟುವಾಳ ಬಳಸಿದರೆ ನಿರಪಾಯವೆಂದು ಪರಿಸರಪ್ರಿಯರೂ ನಂಬಿದ್ದಾರೆ. ಬಟ್ಟೆಗೆ ಅದು ಒಳ್ಳೆಯದೇ. ಆದರೆ ಅಂಟುವಾಳದ ನೊರೆಗೆ ಕಾರಣವಾದ ಸಪೋನಿನ್ ಮೀನಿನ ಕಿವಿರಿಗೆ ವಿಷ. ಮೀನನ್ನು ಮಂಪರುಗೊಳಿಸಿ ಹಿಡಿಯಲು ಅದನ್ನು ಬಳಸಿದ ಪದ್ಧತಿಗಳು ಹಲವು ಕಡೆ ಇದ್ದವು. ಇದೇ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ, ಕಪಿಲಾ ನದಿಯ ದೇವರ ಮೀನುಗಳಿಗೆ 1996ರಲ್ಲಿ ದುಷ್ಕರ್ಮಿಗಳು ವಿಷ ಹಾಕಿದಾಗ ಸಾವಿರಾರು ಮೀನುಗಳು ಸತ್ತವು. ಅದು ಉದ್ದೇಶಪೂರ್ವಕ ಕೃತ್ಯ. ಬಟ್ಟೆ ಒಗೆಯುವವರನ್ನು ಅದಕ್ಕೆ ಹೋಲಿಸಬಾರದು. ನಿಂತ ನೀರಿನ ಮೀನು ಎಷ್ಟು ನಿಸ್ಸಹಾಯಕವೆಂಬುದಕ್ಕೆ ಮಾತ್ರ ಅದನ್ನು ನೆನೆಯಬೇಕು.

ಆದುದರಿಂದ ಕೌದಿಯ ಮೊದಲ ಒಗೆತ ಹೊಳೆಯಲ್ಲಿ ಬೇಡ, ಬಕೆಟಿನಲ್ಲಿರಲಿ. ಗಂಜಿನೀರು, ಅಂಟುವಾಳದ ನೀರು ಬಾಳೆಯ ಬುಡಕ್ಕೆ, ತೆಂಗಿನ ಬುಡಕ್ಕೆ ಹೋಗಲಿ. ಮಣ್ಣಿನ ಜೀವಿಗಳು ಅದನ್ನು ಅರಗಿಸಿಕೊಳ್ಳುತ್ತವೆ. ಬಣ್ಣದ ನೀರನ್ನು ತರಕಾರಿ ಸಾಲಿಗೂ ಬಾವಿಕಟ್ಟೆಯ ಬಳಿಗೂ ಸುರಿಯದೆ, ದೂರದ ಗುಡ್ಡದ ಬದಿಯ ಮಣ್ಣಿಗೆ ಇಂಗಿಸುವುದು ಲೇಸು. ಕೆಲವು ಅಜೋ ಬಣ್ಣಗಳನ್ನು ಕ್ಯಾನ್ಸರಿನ ಭೀತಿಯಿಂದ ಭಾರತ ಸರ್ಕಾರ 1997ರಲ್ಲಿ ನಿಷೇಧಿಸಿತು. ನಿಷೇಧವಿದೆಯೆಂದು ಹೆಸರಿಲ್ಲದ ಅಗ್ಗದ ಬಟ್ಟೆಯ ಬಣ್ಣವನ್ನು ಕಣ್ಣುಮುಚ್ಚಿ ನಂಬಲಾಗದು. ತಿಳಿ ಬಣ್ಣದ ಕಣಗಳನ್ನು ಮೊದಲು ಒಗೆದು, ಜಾಲಿಸಿದ ಕೊನೆಯ ನೀರಿನಲ್ಲಿಯೇ ಗಾಢ ಬಣ್ಣದವನ್ನು ನೆನೆಸಿದರೆ ನೀರಿನ ಖರ್ಚೂ ಇಳಿಯುತ್ತದೆ.

ಯಾವಾಗ ಒಗೆಯಬೇಕು? ದೀಪಾವಳಿ ಕಳೆದ ಮೇಲಿನ ಮೂರು ನಾಲ್ಕು ವಾರಗಳು ಇದಕ್ಕೆ ಪ್ರಶಸ್ತ. ಮಳೆ ಹಿಂದೆಗೆದಿರುತ್ತದೆ, ಬಾವಿಯಲ್ಲಿ ನೀರಿರುತ್ತದೆ, ತೊರೆ ಇನ್ನೂ ಹರಿಯುತ್ತಿರುತ್ತದೆ. ತಡವಾದರೆ ಅಂಗಳ ಅಡಿಕೆಗೆ ಹೋಯಿತು. ಚಾಲಿ ಅಡಿಕೆ ಒಣಗಲು ನಲವತ್ತು ದಿನದ ಬಿಸಿಲು ಬೇಕು. ಅದರ ನಡುವೆ ಕೌದಿಯ ಬಟ್ಟೆಗೆ ಯಾವ ಯಜಮಾನನೂ ಜಾಗ ಬಿಟ್ಟುಕೊಡಲಾರ. ಬಿಟ್ಟುಕೊಟ್ಟರೂ ಹಾಸಬಾರದು: ಅಡಿಕೆಯ ಚೊಗರು ಒದ್ದೆ ಬಟ್ಟೆಗೆ ತಾಗಿದರೆ ಕಲೆ ಬಿಡದು. ಮುರಕಲ್ಲಿನ ಬಾವಿಯ ನೀರಿನಲ್ಲಿ ಕಬ್ಬಿಣದಂಶವಿದ್ದರೆ ಆ ಕಲೆ ಕಪ್ಪಾಗಿಯೇ ಕೂರುತ್ತದೆ.

ಒಗೆಯುವುದು ಕತ್ತರಿಸುವ ಮೊದಲು. ಇಡೀ ಕಣವನ್ನು ಒಗೆಯಬೇಕು. ದರ್ಜಿಯ ಚೀಲದ ಚೂರುಗಳಾದರೆ ಹಳೆಯ ತೆಳುಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ಉಜ್ಜದೆ ಅದ್ದಿ ಹಿಂಡಿದರೆ ನೂಲು ಬಿಚ್ಚುವುದಿಲ್ಲ. ಅಂಗೈಗಿಂತ ಸಣ್ಣ ಚೂರುಗಳನ್ನು ಬಿಸಿನೀರಿನಲ್ಲಿ ಅದ್ದಿ, ಒಣಗಿಸಿ, ಇಸ್ತ್ರಿ ಹಾಕಿದರೆ ಸಾಕು. ಹಳೆಯ ಹತ್ತಿ ಸೀರೆಗೆ ಇದು ಯಾವುದೂ ಬೇಡ. ಪೆಟ್ಟಿಗೆಯಲ್ಲಿ ಬಹುಕಾಲ ಇದ್ದುದಾದರೆ ಬಿಸಿಲಿಗೊಮ್ಮೆ ಹಾಕಿದರಾಯಿತು. ಬೂರುಗದ ಹತ್ತಿಯನ್ನು ಒಳಗೆ ತುಂಬುವವರು ಅದನ್ನು ನೀರಿಗೆ ತೋರಿಸಬಾರದು, ಮುದ್ದೆಯಾಗುತ್ತದೆ. ಗುಳೇದಗುಡ್ಡದ ಖಣದಂತೆ ಹತ್ತಿಯೂ ರೇಷ್ಮೆಯೂ ಕೂಡಿದ ಬಟ್ಟೆಯನ್ನು ಬಿಸಿನೀರಿಗಾಗಲಿ ಬೂದಿನೀರಿಗಾಗಲಿ ಹಾಕದೆ ತಣ್ಣೀರಿನಲ್ಲಿ ಒಮ್ಮೆ ಅದ್ದಿ ತೆಗೆಯಬೇಕು. ಕ್ಷಾರ ರೇಷ್ಮೆಯನ್ನು ತಿನ್ನುತ್ತದೆ.

ಹಳೆಯ ಬಟ್ಟೆಯೆಲ್ಲ ಶುದ್ಧವೆಂಬ ಭಾವನೆಗೆ ಒಂದು ಅಪವಾದವುಂಟು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿ, ಮೈಸೂರಿನಲ್ಲಿ ಲೆಸ್ಲಿ ಕೋಲ್ಮನ್ ಅವರು ಕಳೆದ ಶತಮಾನದ ಆರಂಭದಲ್ಲಿ ನಡೆಸಿದ ಕೆಲಸದಿಂದ ಬೇರೂರಿದುದು. ಸಿಂಪಡಿಸುವವರ ಅಂಗಿ ಲುಂಗಿಗಳ ನೀಲಿ ಕಲೆ ಮೈಲುತುತ್ತದ್ದು. ತಾಮ್ರ ಸಾಧಾರಣ ಒಗೆತಕ್ಕೆ ಪೂರ್ತಿ ಬಿಡುವುದಿಲ್ಲ. ಇತರ ಕೀಟನಾಶಕ ಹೊಡೆದವರ ಬಟ್ಟೆಯಂತೂ ಕಣ್ಣಿಗೆ ಕಾಣುವ ಕಲೆಯನ್ನೂ ಉಳಿಸುವುದಿಲ್ಲ. ಅವು ಎಷ್ಟೇ ಸಲ ಒಗೆದ, ಎಷ್ಟೇ ಮೆತ್ತಗಾದ ಬಟ್ಟೆಗಳಾಗಿರಲಿ, ಕೌದಿಯ ಒಳಪದರಕ್ಕೂ ಬೇಡ. ಅವನ್ನು ಬೇರೆ ಬಟ್ಟೆಯ ಜೊತೆ ಒಂದೇ ಬಕೆಟಿನಲ್ಲಿ ಒಗೆಯುವುದೂ ಬೇಡ. ಮನೆಯ ಗಂಡಸರು ಯಾವ ಅಂಗಿಯನ್ನು ಸಿಂಪಡಣೆಗೆ ಹಾಕಿಕೊಂಡಿದ್ದರು ಎಂಬುದನ್ನು ಕೌದಿಯ ಗಂಟಿಗೆ ಸೇರಿಸುವ ಮೊದಲು ಕೇಳಿ ತಿಳಿಯಬೇಕು.

ಹೊಲಿದು ಮುಗಿದ ಕೌದಿಯ ಮೊದಲ ಒಗೆತಕ್ಕೆ ಇಬ್ಬರು ಬೇಕು. 2 ಕಿಲೋ ತೂಕದ ಹತ್ತಿಯ ಕೌದಿ ನೀರು ಕುಡಿದರೆ 5 ಕಿಲೋ ದಾಟುತ್ತದೆ. ತಿರುಚಿ ಹಿಂಡಿದರೆ ಹೊಲಿಗೆಯ ಸಾಲು ಕಡಿಯುತ್ತದೆ. ಕಲ್ಲಿನ ಮೇಲೆ ಮಡಿಸಿಟ್ಟು ಅಂಗೈಯಿಂದ ಒತ್ತಿ ನೀರಿಳಿಸಬೇಕು. ಒಣಗಿಸುವಾಗ ಒಂದು ಮೊಳದ ಅಂತರದಲ್ಲಿ ಎರಡು ಹಗ್ಗ ಕಟ್ಟಿ, ಎರಡರ ಮೇಲೂ ಬರುವಂತೆ ಹರಡಿದರೆ ನಡುವೆ ಗಾಳಿ ಆಡುತ್ತದೆ. ಮಧ್ಯಾಹ್ನಕ್ಕೆ ಒಮ್ಮೆ ಮಗುಚಿ ಹಾಕಿ, ಸಂಜೆ ಮಂಜು ಬೀಳುವ ಮೊದಲು ಒಳಗೆ ತರಬೇಕು. ನಡುವಿನ ಪದರವನ್ನು ಕೆನ್ನೆಗೆ ಒತ್ತಿಕೊಂಡು ನೋಡಿ, ತಣ್ಣಗೆ ತಾಗಿದರೆ ಮರುದಿನವೂ ಬಿಸಿಲಿಗೆ ಹಾಕಬೇಕು.